ಮುಂಗಾಲಿನ ಒಳಬದಿಯೂ ಚಿತ್ರದಲ್ಲಿರಲಿ

ಮಳೆಗಾಲ ಮುಗಿಯುತ್ತಿದ್ದಂತೆ ಬೆಳಗಾವಿಯ ವ್ಯಾಕ್ಸಿನ್ ಡಿಪೋದ ಮರಗಳಡಿಯಲ್ಲೋ ಖಾನಾಪುರದ ಕಾಡಂಚಿನಲ್ಲೋ ತೆಗೆದ ಪ್ರೇಯಿಂಗ್ ಮ್ಯಾಂಟಿಸ್ (ಕೈಮುಗಿದಂತೆ ಮುಂಗಾಲು ಮಡಚಿ ಕೂರುವ ಕೀಟ) ಚಿತ್ರಗಳನ್ನು ಗೆಳೆಯರು ಕಳುಹಿಸಿ, ಇದು ಯಾವ ಪ್ರಭೇದವೆಂದು ಕೇಳುತ್ತಾರೆ. ಹೆಚ್ಚಿನವು ಮೇಲಿನಿಂದ ತೆಗೆದ ಚಿತ್ರಗಳು. ಆದರೆ ಗುರುತಿಗೆ ನೆರವಾಗುವ ಮುಖ್ಯ ಲಕ್ಷಣಗಳು ಮಡಚಿದ ಮುಂಗಾಲಿನ ಒಳಬದಿಯಲ್ಲಿರುತ್ತವೆ. ಉದಾಹರಣೆಗೆ, ಮ್ಯಾಂಟಿಸ್ ರಿಲಿಜಿಯೋಸಾ ಎಂಬ ಪ್ರಭೇದದ ಮುಂಗಾಲಿನ ಬುಡದ ಒಳಭಾಗದಲ್ಲಿ ಕಪ್ಪು ಮಚ್ಚೆಯೊಂದಿರುತ್ತದೆ, ಕೆಲವೊಮ್ಮೆ ಅದರ ನಡುವೆ ಬಿಳಿ ಬಣ್ಣವೂ ಕಾಣುತ್ತದೆ.

ಮೈಬಣ್ಣವನ್ನು ನಂಬಬಾರದು, ಏಕೆಂದರೆ ಒಂದೇ ಪ್ರಭೇದದಲ್ಲಿ ಹಸಿರು ಮತ್ತು ಕಂದು ಎರಡೂ ಇರಬಹುದು. ಕಣ್ಣಿನಲ್ಲಿ ನಮ್ಮನ್ನೇ ನೋಡುವಂತೆ ತೋರುವ ಕರಿಚುಕ್ಕೆಯೂ ಪ್ರಭೇದದ ಗುರುತಲ್ಲ. ಅದು ಹಲವು ಪುಟ್ಟ ಕಣ್ಣುಗಳು ಸೇರಿದ ಸಂಯುಕ್ತ ಕಣ್ಣಿನ ರಚನೆಯಿಂದ ಉಂಟಾಗುವ ನೋಟವಷ್ಟೇ, ನಾವು ನಿಂತ ಕೋನ ಬದಲಾದಂತೆ ಅದೂ ಜಾಗ ಬದಲಿಸುತ್ತದೆ.

ಕೆಲವು ಬಗೆಗಳನ್ನು ಒಂದೇ ಚಿತ್ರದಿಂದ ಹೇಳಬಹುದು. ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಹೆಸರಿಸಿದ ಗಾಂಜಿಲಸ್ ಗಾಂಜಿಲೋಡಿಸ್, ಅಂದರೆ ಪಿಟೀಲು ಮ್ಯಾಂಟಿಸ್, ಒಣಗಿದ ಎಲೆಯ ಚೂರುಗಳನ್ನು ಕಾಲಿಗೆ ಅಂಟಿಸಿಕೊಂಡಂತಿರುತ್ತದೆ. ಕ್ರಿಯೊಬ್ರೋಟರ್ ಕುಲದವುಗಳ (ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು) ಮುಂರೆಕ್ಕೆಯಲ್ಲಿ ಕಣ್ಣಿನಾಕಾರದ ಗುರುತಿರುತ್ತದೆ.

ದೊಡ್ಡ ಹಸಿರು ಮೈಯ ಹೈರೊಡ್ಯುಲಾ ಕುಲದವು ಮಾತ್ರ ನಿಜಕ್ಕೂ ಕಷ್ಟ. ಮುಂರೆಕ್ಕೆಯ ಬಿಳಿಚುಕ್ಕೆಯಿಂದ ಕುಲವನ್ನು ಊಹಿಸಬಹುದಾದರೂ, ಪ್ರಭೇದವನ್ನು ಖಚಿತಪಡಿಸಲು ಹಲವೊಮ್ಮೆ ಗಂಡಿನ ಜನನಾಂಗವನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾಗುತ್ತದೆ. ರೆಕ್ಕೆ ಮೂಡದ ಮರಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಇಂಥ ಚಿತ್ರಗಳಿಗೆ ನಾನು ಕುಲದ ಹೆಸರನ್ನಷ್ಟೇ ಬರೆಯುತ್ತೇನೆ, ಮತ್ತು ಅದನ್ನು ಅಪೂರ್ಣ ಉತ್ತರವೆಂದು ಭಾವಿಸುವುದಿಲ್ಲ.