ಎಷ್ಟು ಸ್ಪೀಡ್ ಹೋಗುತ್ತಿತ್ತು ಎಂದು ಕೇಳುವವರಿಗೆ

1970ರ ದಶಕದಲ್ಲಿ ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಮೋಟಾರುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ, ಬಿಡುವಿದ್ದಾಗ ಸಣ್ಣ ದೋಣಿಗಳ ರೇಸಿಗೂ ಇಳಿಯುತ್ತಿದ್ದೆ ಎಂದು ಯಾರಿಗಾದರೂ ಗೊತ್ತಾದರೆ ಸಾಕು, ಮುಂದಿನ ಪ್ರಶ್ನೆ ಏನೆಂದು ನನಗೆ ಮೊದಲೇ ತಿಳಿದಿರುತ್ತದೆ. "ಎಷ್ಟು ಸ್ಪೀಡ್ ಹೋಗುತ್ತಿತ್ತು?" ಗಂಟೆಗೆ 60 ಮೈಲಿಯ ಆಸುಪಾಸು ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. "ಅಷ್ಟೇನಾ? ನಮ್ಮ ಕಾರೇ ಅದಕ್ಕಿಂತ ಜೋರಾಗಿ ಹೋಗುತ್ತದಲ್ಲ" ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಆ "ಅಷ್ಟೇನಾ" ಎಂಬ ಮಾತಿಗೆ ಉತ್ತರ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಕಾರಿಗೆ ಚಕ್ರವಿದೆ, ಸ್ಪ್ರಿಂಗ್ ಇದೆ, ಮಟ್ಟಸ ಮಾಡಿದ ರಸ್ತೆಯಿದೆ. ನಾವು ರೇಸಿಗೆ ಬಳಸುತ್ತಿದ್ದ ಸಣ್ಣ ಹೈಡ್ರೋಪ್ಲೇನ್ ದೋಣಿಯಲ್ಲಿ ಇವು ಯಾವುವೂ ಇಲ್ಲ, ಕೂರಲು ಆಸನವೂ ಇಲ್ಲ. ಚಾಲಕ ಮಂಡಿಯೂರಿ, ಮುಂದಕ್ಕೆ ಬಾಗಿ, ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಥ್ರಾಟಲ್ ಹಿಡಿದಿರುತ್ತಾನೆ. ಆ ಥ್ರಾಟಲ್‌ಗೆ ಸ್ಪ್ರಿಂಗ್ ಇರುವುದರಿಂದ ಹಿಡಿತ ಬಿಟ್ಟ ಕ್ಷಣವೇ ಎಂಜಿನ್ನಿನ ವೇಗ ಇಳಿಯಬೇಕು, ಏಕೆಂದರೆ ಹಿಡಿತ ಬಿಟ್ಟವನು ಬಹುಶಃ ಆಗಲೇ ನೀರಿನಲ್ಲಿರುತ್ತಾನೆ. ವೇಗ ಏರಿದಂತೆ ದೋಣಿಯ ತಳದ ಬಹುಪಾಲು ನೀರನ್ನು ಬಿಟ್ಟು ಗಾಳಿಯ ಮೇಲೆ ನಿಲ್ಲುತ್ತದೆ. ಮೂತಿಯ ಕೆಳಗೆ ಗಾಳಿ ಸ್ವಲ್ಪ ಹೆಚ್ಚಾಗಿ ನುಗ್ಗಿದರೂ ಇಡೀ ದೋಣಿ ಹಿಂದಕ್ಕೆ ಮಗುಚುತ್ತದೆ. ಈ ಸ್ಥಿತಿಯಲ್ಲಿರುವ 60 ಮೈಲಿಯನ್ನು ಕಿಟಕಿ ಮುಚ್ಚಿದ ಕಾರಿನೊಳಗಿನ 60 ಮೈಲಿಯ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಯಾವ ನ್ಯಾಯವೂ ಇಲ್ಲ.

ಬರೀ ದೊಡ್ಡ ಅಂಕಿಯೇ ಬೇಕೆನ್ನುವವರಿಗೆ ಅದನ್ನೂ ಕೊಡುತ್ತೇನೆ. 1909ರಲ್ಲಿ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಮಾರಾಟಕ್ಕೆ ತಂದ ಮೋಟಾರಿನ ಶಕ್ತಿ ಒಂದೂವರೆ ಅಶ್ವಶಕ್ತಿ ಮಾತ್ರ. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ, ಎಂಜಿನ್, ಗೇರು, ಪ್ರೊಪೆಲ್ಲರ್ ಎಲ್ಲವೂ ಒಂದೇ ಘಟಕವಾಗಿರುವ ಈ ಬಗೆಯ ಯಂತ್ರದಿಂದ ಹ್ಯೂ ಎಂಟ್ರಾಪ್ 1958ರಲ್ಲಿ ಸಿಯಾಟಲ್‌ನಲ್ಲಿ ಗಂಟೆಗೆ 107.821 ಮೈಲಿ ಮುಟ್ಟಿದರು. ಎರಡು ವರ್ಷಗಳ ನಂತರ ಹವಾಸು ಸರೋವರದಲ್ಲಿ ಅದನ್ನೇ 122.979ಕ್ಕೆ ಏರಿಸಿದರು. 1989ರಲ್ಲಿ ಅರಿಜೋನಾದ ಪಾರ್ಕರ್‌ನಲ್ಲಿ ಬಾಬ್ ವಾರ್ಟಿಂಗರ್ 176.556 ಮೈಲಿಗೆ ತಲುಪಿದರು. ಈ ಅಂಕಿಗಳನ್ನು ನಾನು ನಂಬುವುದಕ್ಕೆ ಕಾರಣ ಅವು ದೊಡ್ಡವೆಂಬುದಲ್ಲ. ದಾಖಲೆಯ ಓಟವನ್ನು ಅಳತೆ ಮಾಡಿದ ದೂರದ ಮೇಲೆ, ಎರಡೂ ದಿಕ್ಕಿನಲ್ಲಿ ಓಡಬೇಕು. ಗಾಳಿ ಹೋಗುವಾಗ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳುತ್ತದೆ, ಎರಡರ ಸರಾಸರಿಯೇ ದಾಖಲೆಯಾಗುತ್ತದೆ. ನಾನು ಕಾರ್ಖಾನೆಯಲ್ಲಿ ಹೋರಾಡಿದ್ದು ಇದೇ ಒಂದು ನಿಯಮಕ್ಕಾಗಿ.

ವಿನ್ನೆಬಾಗೊ ಸರೋವರದ ದಡದಲ್ಲಿ ಕಾಲು ಮೈಲಿಯ ಅಂತರದಲ್ಲಿ ಎರಡು ಕಂಬಗಳನ್ನು ನೆಟ್ಟಿದ್ದೆವು. ಆ ಸರೋವರ ಬಹಳ ದೊಡ್ಡದು, ಆದರೆ ಆಳ ಕಡಿಮೆ. ಸ್ವಲ್ಪ ಗಾಳಿ ಎದ್ದರೂ ಒತ್ತೊತ್ತಾದ ಕಡಿದಾದ ಅಲೆಗಳು ಏಳುತ್ತವೆ. ಹೀಗಾಗಿ ಬೆಳಗಿನ ಹೊತ್ತನ್ನೇ ಕಾಯುತ್ತಿದ್ದೆವು. ಒಂದು ದಿನ ಮುಂದಿನ ವರ್ಷ ಮಾರಾಟಕ್ಕೆ ಬರಲಿದ್ದ ಮೋಟಾರಿನ ಪರೀಕ್ಷೆ ನಡೆದಿತ್ತು, ಮಾರಾಟ ವಿಭಾಗದ ಅಧಿಕಾರಿಯೊಬ್ಬರು ನನ್ನ ಪಕ್ಕದಲ್ಲೇ ಕುಳಿತು ದೋಣಿಯ ಸ್ಪೀಡೋಮೀಟರನ್ನು ನೋಡುತ್ತಿದ್ದರು. ಮುಳ್ಳು 65ಕ್ಕೆ ಬಂದು ನಿಂತಿತು. ಅವರು ಅದನ್ನು ಸಂತೋಷದಿಂದ ಬರೆದುಕೊಂಡರು. ದಡಕ್ಕೆ ಬಂದಾಗ ಗಡಿಯಾರ ಹಿಡಿದಿದ್ದ ನಮ್ಮ ಹಿರಿಯ ಸಹೋದ್ಯೋಗಿಯ ಪುಸ್ತಕದಲ್ಲಿ ಬೇರೆಯೇ ಅಂಕಿಗಳಿದ್ದವು: ಗಾಳಿಯ ಜೊತೆ 15.0 ಸೆಕೆಂಡು, ಗಾಳಿಗೆ ಎದುರಾಗಿ 15.5 ಸೆಕೆಂಡು. ಅಂದರೆ ಒಂದು ದಿಕ್ಕಿನಲ್ಲಿ 60, ಇನ್ನೊಂದರಲ್ಲಿ 58, ಸರಾಸರಿ 59 ಮೈಲಿ.

"ನಿಮ್ಮ ಬೆರಳು ತಡವಾಗಿರಬೇಕು" ಎಂದರು ಅಧಿಕಾರಿ. 65 ಮೈಲಿ ವೇಗದಲ್ಲಿ ಕಾಲು ಮೈಲಿ ದಾಟಲು ಬೇಕಾಗುವುದು 13.85 ಸೆಕೆಂಡು. ಸ್ಟಾಪ್‌ವಾಚ್ ಹಿಡಿದವರ ಬೆರಳು ಒಂದೆರಡು ಹತ್ತಾಂಶ ಸೆಕೆಂಡು ಆಚೀಚೆ ಆಗಬಹುದು. ಅನುಭವಿಗಳ ಬೆರಳು ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ, ಅದೂ ಎರಡೂ ಓಟಗಳಲ್ಲಿ ಒಂದೇ ಕಡೆಗೆ. ಹಿರಿಯರು ವಾದಕ್ಕೆ ಇಳಿಯಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದರು. ಟ್ಯಾಕೋಮೀಟರ್ ತೋರಿಸಿದ್ದು ನಿಮಿಷಕ್ಕೆ 5,500 ಸುತ್ತು. ಗೇರಿನ ಅನುಪಾತ 2ಕ್ಕೆ 1, ಆದ್ದರಿಂದ ಪ್ರೊಪೆಲ್ಲರ್ ತಿರುಗಿದ್ದು 2,750 ಸುತ್ತು. ಪ್ರೊಪೆಲ್ಲರಿನ ಪಿಚ್ 25 ಇಂಚು, ಎಂದರೆ ಮರಕ್ಕೆ ಇಳಿಯುವ ಸ್ಕ್ರೂ ಹಾಗೆ ಎಲ್ಲಿಯೂ ಜಾರದೆ ಸಾಗಿದರೆ ಒಂದು ಸುತ್ತಿಗೆ 25 ಇಂಚು ಮುಂದೆ ಹೋಗುತ್ತದೆ. ಗಂಟೆಗೆ ಒಂದು ಮೈಲಿ ಎಂದರೆ ನಿಮಿಷಕ್ಕೆ 1,056 ಇಂಚು. ಗುಣಿಸಿ ಭಾಗಿಸಿದರೆ ಬರುವುದು 65.1.

ಆ ಅಂಕಿಯನ್ನು ಕಂಡು ಅಧಿಕಾರಿ ಗೆದ್ದೆನೆಂದುಕೊಂಡರು. ನಿಜಕ್ಕೂ ಅವರ ಅಂಕಿ ಬಿದ್ದುಹೋದದ್ದು ಅಲ್ಲೇ. ನೀರು ಮರವಲ್ಲ, ಅದರಲ್ಲಿ ಪ್ರೊಪೆಲ್ಲರ್ ಜಾರಲೇಬೇಕು, ಜಾರದಿದ್ದರೆ ದೂಡುವ ಬಲವೇ ಹುಟ್ಟುವುದಿಲ್ಲ. ಅಂಥ ದೋಣಿಗೆ ಶೇಕಡಾ 10ರ ಸುತ್ತಮುತ್ತ ಜಾರುವಿಕೆ ಇದ್ದರೆ ಅದು ಚೆನ್ನಾಗಿ ಹೊಂದಿಕೊಂಡ ಪ್ರೊಪೆಲ್ಲರ್. ನಮ್ಮ 59 ಮೈಲಿಯ ಲೆಕ್ಕದಲ್ಲಿ ಜಾರುವಿಕೆ ಶೇಕಡಾ 9ಕ್ಕಿಂತ ತುಸು ಹೆಚ್ಚು ಬರುತ್ತಿತ್ತು, ಎಲ್ಲವೂ ಸರಿಹೊಂದುತ್ತಿತ್ತು. 65 ಮೈಲಿ ನಿಜವಾಗಬೇಕಿದ್ದರೆ ಪ್ರೊಪೆಲ್ಲರ್ ಸ್ವಲ್ಪವೂ ಜಾರದೆ ನೀರನ್ನು ಕೊರೆದುಕೊಂಡು ಹೋಗಿರಬೇಕಾಗಿತ್ತು.

ಹಾಗಾದರೆ ಸ್ಪೀಡೋಮೀಟರ್ ಏಕೆ ಸುಳ್ಳು ಹೇಳಿತು? ಆಗಿನ ದೋಣಿಗಳ ಸ್ಪೀಡೋಮೀಟರ್ ವೇಗವನ್ನು ನೇರವಾಗಿ ಅಳೆಯುತ್ತಲೇ ಇರಲಿಲ್ಲ. ನೀರಿನಲ್ಲಿ ಮುಂದಕ್ಕೆ ಬಾಯಿ ತೆರೆದ ಸಣ್ಣ ಕೊಳವೆಯೊಂದಿರುತ್ತದೆ. ಅದರೊಳಗೆ ನುಗ್ಗುವ ನೀರಿನ ಒತ್ತಡವನ್ನೇ ಮುಳ್ಳು ವೇಗವೆಂದು ತೋರಿಸುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ: 30 ಮೈಲಿಗೆ ಚದರ ಇಂಚಿಗೆ ಸುಮಾರು 13 ಪೌಂಡು, 60 ಮೈಲಿಗೆ ಸುಮಾರು 52 ಪೌಂಡು. ಕೊಳವೆಯ ಬಾಯಿಗೆ ಒಂದೆಳೆ ಪಾಚಿ ಸಿಕ್ಕಿಕೊಂಡರೆ ಮುಳ್ಳು ಇಳಿಯುತ್ತದೆ. ಮೀಟರಿನ ಒಳಗಿನ ಸ್ಪ್ರಿಂಗ್ ಸಡಿಲವಿದ್ದರೆ ಏರುತ್ತದೆ. ದೋಣಿ ಕೊಂಡವರ ಮನಸ್ಸಿಗೆ ಹಿತವಾಗಲು ಇಂಥ ಮೀಟರು ಸಾಕು, ಪರೀಕ್ಷೆಯ ವರದಿಗೆ ಅದು ಸಲ್ಲದು. ಇಷ್ಟೆಲ್ಲ ಆದ ಮೇಲೂ ಆ ವರ್ಷದ ಜಾಹೀರಾತು ಪತ್ರಿಕೆಯಲ್ಲಿ ಅಚ್ಚಾದದ್ದು 65. ಆ ಕೋಪ ನನಗೆ ಇಂದಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಇಷ್ಟವೂ ಇಲ್ಲ. ಅಂಕಿಯನ್ನು ಕಂಡುಹಿಡಿಯಲು ಚಳಿಯಲ್ಲಿ ಒದ್ದೆಯಾದವರು ನಾವು, ಅದನ್ನು ಬದಲಿಸಿದವರು ಬೆಚ್ಚಗಿನ ಕೋಣೆಯಲ್ಲಿ ಕುಳಿತವರು.

ಆದ್ದರಿಂದ ನನ್ನನ್ನು ಯಾರಾದರೂ "ಎಷ್ಟು ಸ್ಪೀಡ್" ಎನ್ನುವ ಬದಲು "ಅದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ್ದರೆ ಒಂದು ಸಂಜೆ ಪೂರ್ತಿ ಕುಳಿತು ಮಾತನಾಡುತ್ತಿದ್ದೆ. ನಾವು ದಿನವಿಡೀ ಮಾಡುತ್ತಿದ್ದದ್ದು ಗೊತ್ತುಮಾಡಿಕೊಳ್ಳುವ ಕೆಲಸ, ಓಡಿಸುವುದು ಅದರ ಒಂದು ಭಾಗ ಮಾತ್ರ.

ಉದಾಹರಣೆಗೆ ಸ್ಪಾರ್ಕ್ ಪ್ಲಗ್ ಓದುವುದು, ಎಂದರೆ ಸಿಲಿಂಡರಿನೊಳಗೆ ಕಿಡಿ ಹೊತ್ತಿಸುವ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಸ್ಥಿತಿ ತಿಳಿಯುವುದು. ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ, ಪೂರ್ತಿ ಭಾರದಲ್ಲಿ ಓಡುತ್ತಿರುವಾಗಲೇ ಇಗ್ನಿಷನ್ ಕಡಿದು ದೋಣಿಯನ್ನು ತಾನಾಗಿ ನಿಲ್ಲಲು ಬಿಡಬೇಕು. ನಿಧಾನವಾಗಿ ವೇಗ ಇಳಿಸಿಕೊಂಡು ದಡಕ್ಕೆ ಬಂದರೆ ಪ್ಲಗ್ಗಿನ ಮೇಲೆ ಉಳಿಯುವುದು ನಿಧಾನದ ಓಟದ ಬಣ್ಣ, ಅದರಿಂದ ಏನೂ ತಿಳಿಯದು. ಬಿಸಿ ಪ್ಲಗ್ಗನ್ನು ಅಲ್ಲೇ ಬಿಚ್ಚಿ ನೋಡಿದಾಗ ಪಿಂಗಾಣಿಯ ಮೇಲೆ ತಿಳಿಗಂದು ಬಣ್ಣವಿದ್ದರೆ ಸಮಾಧಾನ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಬೆಳ್ಳಗೆ ಒಣಗಿದ್ದರೆ ಪೆಟ್ರೋಲು ಸಾಲದು. ಆ ಬಿಳುಪಿನ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಕಣಗಳು ಮಿನುಗಿದರೆ ಪಿಸ್ಟನ್ ಕರಗತೊಡಗಿದೆ ಎಂದೇ ಅರ್ಥ. ಅಂದಿನ ಔಟ್‌ಬೋರ್ಡ್‌ಗಳೆಲ್ಲ ಹೆಚ್ಚುಕಡಿಮೆ ಟೂ-ಸ್ಟ್ರೋಕ್ ಎಂಜಿನ್ನುಗಳು. ಸವೆತ ತಡೆಯುವ ಎಣ್ಣೆ ಪೆಟ್ರೋಲಿನೊಂದಿಗೇ ಬೆರೆತು ಒಳಗೆ ಹೋಗುತ್ತಿದ್ದುದರಿಂದ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತಿತ್ತು.

ವೇಗದ ಅಂಕಿಯೊಂದನ್ನೇ ಕೇಳುವವರು ಮುಖ್ಯವಾಗಿ ಅರಿಯಬೇಕಾದದ್ದು ಇದನ್ನು: ಪೆಟ್ರೋಲನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ ಹೋದರೆ ಎಂಜಿನ್ ಒಂದು ಹಂತದವರೆಗೆ ಇನ್ನಷ್ಟು ಚುರುಕಾಗುತ್ತದೆ, ದನಿ ಗರಿಗರಿಯಾಗುತ್ತದೆ, ಟ್ಯಾಕೋಮೀಟರಿನ ಮುಳ್ಳು ಏರುತ್ತದೆ. ಕೆಲವು ನಿಮಿಷಗಳ ನಂತರ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆ ದಿನದ ಅತಿ ಹೆಚ್ಚಿನ ವೇಗ ದಾಖಲಾಗುವುದು ಅನೇಕ ಸಲ ಎಂಜಿನ್ ಕೆಡುವ ಸ್ವಲ್ಪ ಮೊದಲು. ಅಂಥ ಅಂಕಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಹೇಗೆ?

ನೀರಿನ ವಿಷಯವೂ ಹೀಗೆಯೇ. ಅಲುಗಾಡದ ನೀರಿನಲ್ಲಿ ದೋಣಿ ಹೆಚ್ಚು ವೇಗವಾಗಿ ಓಡುತ್ತದೆಂದು ಎಲ್ಲರೂ ತಿಳಿದಿರುತ್ತಾರೆ. ವಾಸ್ತವದಲ್ಲಿ ತಳ ಅಂಥ ನೀರಿಗೆ ಅಂಟಿಕೊಂಡಂತಾಗುತ್ತದೆ. ಸಣ್ಣ ಅಲೆಗಳಿದ್ದರೆ ತಳದಡಿಗೆ ಗಾಳಿ ನುಗ್ಗಿ ಹಿಡಿತ ಬಿಡಿಸುತ್ತದೆ, ವೇಗ ಒಂದೆರಡು ಮೈಲಿ ಏರುತ್ತದೆ. ತಂಪಾದ ಒಣ ಗಾಳಿಯಲ್ಲಿ ಎಂಜಿನ್ನಿಗೆ ಬಲ ಹೆಚ್ಚು, ಬಿಸಿಯಾದ ತೇವದ ಗಾಳಿಯಲ್ಲಿ ಕಡಿಮೆ. ದೋಣಿಯಲ್ಲಿ ಎಷ್ಟು ಜನರಿದ್ದರು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಮೋಟಾರನ್ನು ಹಲಗೆಯ ಮೇಲೆ ಎಷ್ಟು ಎತ್ತರಕ್ಕೆ ಬಿಗಿದಿತ್ತು ಎಂಬುದನ್ನು ಬರೆಯದ ವೇಗದ ಅಂಕಿಗೆ ನಮ್ಮ ಪುಸ್ತಕದಲ್ಲಿ ಜಾಗವಿರಲಿಲ್ಲ.

ಈ ಯಂತ್ರಗಳ ಇತಿಹಾಸದಲ್ಲಿ ನಾನು ಅತ್ಯಂತ ಗೌರವಿಸುವ ಪರೀಕ್ಷೆಯ ಸರಾಸರಿ ವೇಗವನ್ನು ಹೇಳಿದರೆ ಪ್ರಶ್ನೆ ಕೇಳುವವರಿಗೆ ನಗು ಬಂದೀತು. ಮರ್ಕ್ಯುರಿ ಮೋಟಾರುಗಳನ್ನು ಕಟ್ಟಿದ ಕಾರ್ಲ್ ಕೀಕ್‌ಹೇಫರ್ 1957ರಲ್ಲಿ ಫ್ಲಾರಿಡಾದ ಕಾಡಿನ ನಡುವಿನ ಸರೋವರವೊಂದನ್ನು ಗುಟ್ಟಾಗಿ ಪರೀಕ್ಷೆಗೆಂದು ಪಡೆದು ಅದಕ್ಕೆ "ಲೇಕ್ ಎಕ್ಸ್" ಎಂದು ಹೆಸರಿಟ್ಟರು. 60 ಅಶ್ವಶಕ್ತಿಯ ಆರು ಸಿಲಿಂಡರಿನ ಮೋಟಾರುಗಳಿದ್ದ ಎರಡು ದೋಣಿಗಳು ಅಲ್ಲಿ ಹಗಲಿರುಳು ಸುತ್ತಿ 25,000 ಮೈಲಿ ಮುಗಿಸಿದವು, ಆಮೇಲೆ ಮುಂದುವರಿದು 50,000 ಮೈಲಿ ಮುಟ್ಟಿದವು. ಪೆಟ್ರೋಲು ತುಂಬಿದ್ದೂ ಓಡುತ್ತಿರುವಾಗಲೇ. ಮೊದಲ 25,000 ಮೈಲಿಯ ಸರಾಸರಿ ವೇಗ ಗಂಟೆಗೆ ಸುಮಾರು 30 ಮೈಲಿ. ಆ ಓಟದ ಮೇಲ್ವಿಚಾರಣೆ ಕಾರು ರೇಸುಗಳನ್ನು ನಡೆಸುವ ಯುನೈಟೆಡ್ ಸ್ಟೇಟ್ಸ್ ಆಟೋ ಕ್ಲಬ್ಬಿನದು. ಸಮಯ ಅಳೆಯುವ ಗಡಿಯಾರ ಮೋಟಾರು ತಯಾರಿಸಿದವರ ಕೈಯಲ್ಲಿರಲಿಲ್ಲ. 34 ದಿನಗಳಿಗೂ ಹೆಚ್ಚು ಕಾಲ ನಿಲ್ಲದೆ ಓಡಿದ 30 ಮೈಲಿ, ಒಂದು ಬೆಳಗ್ಗೆ ಕಾಲು ಮೈಲಿಯಷ್ಟು ಮಾತ್ರ ಕಂಡ 65 ಮೈಲಿಗಿಂತ ಎಷ್ಟೋ ದೊಡ್ಡದು.

ರೇಸಿನಲ್ಲಾದರೂ ವೇಗವೇ ಮುಖ್ಯವಲ್ಲವೇ ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಹೈಡ್ರೋಪ್ಲೇನ್ ರೇಸಿನಲ್ಲಿ ದೋಣಿಗಳು ನಿಂತಲ್ಲಿಂದ ಹೊರಡುವುದಿಲ್ಲ. ದಡದಲ್ಲಿರುವ ದೊಡ್ಡ ಗಡಿಯಾರದ ಮುಳ್ಳು ಕೊನೆಯ ನಿಮಿಷವನ್ನು ಎಣಿಸುತ್ತಿರುವಾಗ ಹಿಂದಿನಿಂದ ಓಡುತ್ತ ಬಂದು, ಮುಳ್ಳು ಸೊನ್ನೆ ಮುಟ್ಟುವ ಕ್ಷಣಕ್ಕೆ ಪೂರ್ತಿ ವೇಗದಲ್ಲಿ ಗೆರೆ ದಾಟಬೇಕು. ಮೊದಲೇ ದಾಟಿದರೆ ಆ ಓಟ ಹೋಯಿತು, ತಡವಾದರೆ ಮೊದಲ ತಿರುವಿನಲ್ಲಿ ಎಲ್ಲರ ಪ್ರೊಪೆಲ್ಲರುಗಳು ಎರಚುವ ನೀರು ಕಣ್ಣಿಗೆ. ಅತಿ ವೇಗದ ದೋಣಿಯಿದ್ದೂ ಈ ಲೆಕ್ಕ ಬಾರದೆ ಸೋತವರನ್ನು ಧಾರಾಳವಾಗಿ ಕಂಡಿದ್ದೇನೆ. ದೀರ್ಘ ಓಟಗಳಲ್ಲಂತೂ ಇದು ಇನ್ನೂ ಸ್ಪಷ್ಟ: ಪಾರ್ಕರ್‌ನಲ್ಲಿ ಕೊಲರಾಡೊ ನದಿಯ ಮೇಲೆ 9 ಗಂಟೆಗಳ ರೇಸು ನಡೆಯುತ್ತಿತ್ತು. ಅಲ್ಲಿ ಕಾರ್ಬ್ಯುರೇಟರಿನ ಜೆಟ್ಟನ್ನು, ಎಂದರೆ ಪೆಟ್ರೋಲು ಹಾಯುವ ಸಣ್ಣ ರಂಧ್ರವನ್ನು, ಒಂದು ಅಳತೆ ದೊಡ್ಡದು ಹಾಕಿಕೊಂಡು, ಒಂದೆರಡು ಮೈಲಿ ವೇಗವನ್ನು ಬಿಟ್ಟುಕೊಟ್ಟು, ಪಿಸ್ಟನ್ ಉಳಿಸಿಕೊಂಡವರೇ ಸಂಜೆಯವರೆಗೆ ನೀರಿನ ಮೇಲಿರುತ್ತಿದ್ದರು.

ಭಯವಾಗುತ್ತಿರಲಿಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಆಗುತ್ತಿತ್ತು. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ.

ಇಷ್ಟು ಓದಿದ ಮೇಲೂ ಅಂಕಿ ಬೇಕೇ ಬೇಕು ಎನ್ನುವವರು ಹೀಗೆ ಬರೆದುಕೊಳ್ಳಲಿ: ಗಂಟೆಗೆ 59 ಮೈಲಿ, ಅಂದರೆ ಸುಮಾರು 95 ಕಿಲೋಮೀಟರ್, ಕಾಲು ಮೈಲಿಯ ದೂರ, ಎರಡೂ ದಿಕ್ಕಿನ ಸರಾಸರಿ, ದೋಣಿಯಲ್ಲಿ ಇಬ್ಬರು, ಟ್ಯಾಂಕು ಅರ್ಧ, ಸಣ್ಣ ಅಲೆ, 25 ಇಂಚಿನ ಪಿಚ್, 5,500 ಸುತ್ತು, ಪ್ಲಗ್ಗಿನ ಬಣ್ಣ ತಿಳಿಗಂದು. ಇದರಲ್ಲಿ ಮೊದಲ ಅಂಕಿಯನ್ನು ಮಾತ್ರ ನೆನಪಿಟ್ಟುಕೊಂಡು ಉಳಿದದ್ದನ್ನು ಬಿಡುವವರು ದಯವಿಟ್ಟು ನನ್ನ ಹೆಸರಿನಲ್ಲಿ ಅದನ್ನು ಯಾರಿಗೂ ಹೇಳಬಾರದು.