ಪ್ಯಾಟನ್ ಒಳ್ಳೆಯವನಾ, ಕೆಟ್ಟವನಾ?

ಮಂಡ್ಯದ ನಮ್ಮ ಮನೆಯಲ್ಲಿ ಯಾರಿಗೆ ‘ಪ್ಯಾಟನ್’ ಸಿನಿಮಾ ತೋರಿಸಿದರೂ ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಅಷ್ಟು ಸಲ ಕೇಳಿದ್ದಾರೆ, ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ.

ನೋಡದವರಿಗೆ ಎರಡು ಮಾತು. ಇದು 1970ರ ಚಿತ್ರ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಅಮೆರಿಕದ ಜನರಲ್ ಜಾರ್ಜ್ ಪ್ಯಾಟನ್ ಕಥೆ. ನಿರ್ದೇಶನ ಫ್ರಾಂಕ್ಲಿನ್ ಶಾಫ್ನರ್. 7 ಆಸ್ಕರ್ ಬಂದವು. ಪ್ಯಾಟನ್ ಪಾತ್ರ ಮಾಡಿದ ಜಾರ್ಜ್ ಸಿ. ಸ್ಕಾಟ್ ಮಾತ್ರ ತಮ್ಮ ಪಾಲಿನ ಆಸ್ಕರ್ ಬೇಡ ಅಂದುಬಿಟ್ಟರು.

ಶುರುವಿನಲ್ಲೇ ಮರುಳಾಗುತ್ತೇವೆ. ತೆರೆ ತುಂಬಾ ಬಾವುಟ, ಅದರ ಮುಂದೆ ಪುಟ್ಟದಾಗಿ ಒಬ್ಬ ಮನುಷ್ಯ, ಆದರೂ ಕಣ್ಣು ಅವನನ್ನು ಬಿಟ್ಟು ಕದಲುವುದಿಲ್ಲ. ಆಮೇಲೆ ಟ್ಯುನೀಸಿಯಾದ ಹಳೇ ಅವಶೇಷಗಳ ನಡುವೆ ನಿಂತು, ಎರಡು ಸಾವಿರ ವರ್ಷದ ಹಿಂದಿನ ಯುದ್ಧದಲ್ಲಿ ತಾನೂ ಇದ್ದೆ ಅನ್ನುತ್ತಾನೆ. ನಗು ಬರಬೇಕು, ಬರುವುದಿಲ್ಲ. ಶ್ರೀರಂಗಪಟ್ಟಣದ ಕೋಟೆ ಗೋಡೆಯ ಪಕ್ಕ ಸಂಜೆ ಹೊತ್ತು ನಿಂತಾಗ ನನಗೆ ಈ ದೃಶ್ಯ ನೆನಪಾಗುತ್ತದೆ. ಅಲ್ಲಿ ಸತ್ತವರು ಇನ್ನೂ ಹತ್ತಿರದಲ್ಲೇ ಇದ್ದಾರೆ ಅನ್ನಿಸುತ್ತದೆ ಅಲ್ವಾ?

ಇನ್ನು ಸಿಸಿಲಿಯ ಆಸ್ಪತ್ರೆ ಡೇರೆ. ನನ್ನ ಉತ್ತರ ಇರುವುದು ಅಲ್ಲೇ. ಪ್ರಜ್ಞೆ ಇಲ್ಲದೆ ಮಲಗಿರುವ ಗಾಯಾಳುವಿನ ಪಕ್ಕ ಪ್ಯಾಟನ್ ಮಂಡಿಯೂರುತ್ತಾನೆ. ದಿಂಬಿಗೆ ಪದಕ ಸಿಕ್ಕಿಸುತ್ತಾನೆ. ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾನೆ. ಅಪ್ಪನೊಬ್ಬ ಮಗನಿಗೆ ಹೇಳಿದ ಹಾಗೆ. ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ಮೈಮೇಲೆ ಗಾಯವಿಲ್ಲದ ಒಬ್ಬ ಸೈನಿಕ ಅಳುತ್ತಾ ಕೂತಿರುವುದು ಕಾಣುತ್ತದೆ. ‘ನರಗಳ ತೊಂದರೆ’ ಅನ್ನುತ್ತಾನೆ ಆ ಹುಡುಗ. ಹೇಡಿ ಎಂದು ಬೈದು ಕೆನ್ನೆಗೆ ಬಾರಿಸುತ್ತಾನೆ ಪ್ಯಾಟನ್. ಪಿಸ್ತೂಲಿಗೂ ಕೈ ಹಾಕುತ್ತಾನೆ.

ಪದಕ ಸಿಕ್ಕಿಸಿದ ಕೈಯೇ ಹೊಡೆದದ್ದು. ಪಿಸುಗುಟ್ಟಿದ್ದು ನಾಟಕ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ರಕ್ತ ಬರುವ ಗಾಯ ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ರಕ್ತ ಬಾರದ ಗಾಯ ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ಅವನು ದೊಡ್ಡ ಸೇನಾನಿ, ಆ ಡೇರೆಯಲ್ಲಿ ಮಾಡಿದ್ದು ದೊಡ್ಡ ತಪ್ಪು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲು ನಾನು ತಯಾರಿಲ್ಲ. ಸಿನಿಮಾ ಕೂಡ ಮುಚ್ಚುವುದಿಲ್ಲ. ಅದಕ್ಕೇ ನನಗೆ ಅಷ್ಟು ಇಷ್ಟ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಅವರಿಗೂ ತೋರಿಸಿದೆ. ಹೊಡೆಯುವ ಜಾಗ ಬಂದಾಗ ‘ಸ್ವಲ್ಪ ನಿಲ್ಸಿ’ ಅಂದರು. ನಿಲ್ಲಿಸಿದೆ. ಅವರು ಪ್ಯಾಟನ್ ಬಗ್ಗೆ ಕೇಳಲೇ ಇಲ್ಲ. ‘ಆ ಹುಡುಗನಿಗೆ ಆಮೇಲೆ ಏನಾಯ್ತು?’ ಅಂದರು.

ಇಷ್ಟು ಜನರಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ನಿಜವಾಗಿ ಪ್ಯಾಟನ್ ಹೊಡೆದದ್ದು ಇಬ್ಬರಿಗೆ, 1943ರ ಆಗಸ್ಟ್‌ನಲ್ಲಿ, ಒಂದು ವಾರದ ಅಂತರದಲ್ಲಿ. ಸಿನಿಮಾದಲ್ಲಿ ಇಬ್ಬರೂ ಸೇರಿ ಒಬ್ಬನಾಗಿದ್ದಾನೆ. ಮೊದಲನೆಯವನಿಗೆ ಮಲೇರಿಯಾ ಇತ್ತು, ಅದು ಗೊತ್ತಾದದ್ದು ಏಟು ಬಿದ್ದ ಮೇಲೆ. ಇದನ್ನೆಲ್ಲ ಹೇಳಿದೆ.

‘ಜ್ವರದಲ್ಲಿ ಇದ್ದ ಹುಡುಗನಿಗೆ...’ ಅಂದು ಸುಬೇದಾರರು ಸುಮ್ಮನಾದರು. ಆಮೇಲೆ, ಡೇರೆಯ ದೃಶ್ಯ ಮೊದಲಿಂದ ಹಾಕಿ ಅಂದರು.