ಬಾರ್ಲಿ ದೋಸೆ, 5ನೇ ಕಂತು: ಗರಿಗರಿಯಾಗಿ ಬಂದಿದ್ದೇ ಎಡವಟ್ಟು

ಹೋದ ಕಂತಲ್ಲಿ "ಕಾವಲಿಗೆ ಅಂಟ್ತಾನೇ ಇಲ್ಲ, ಗೆದ್ದೆ" ಅಂತ ಬೀಗಿದ್ನಲ್ಲ, ಆ ಮಾತು ವಾಪಸ್. ಮೂರು ವಾರ ನಾವು ಮನೆಮಂದಿಯೆಲ್ಲ ತಿಂದಿದ್ದು ಬರೀ ದೋಸೆ ಅಷ್ಟೇ.

ಹಳಬರಿಗೆ ಗುರಿ ಗೊತ್ತೇ ಇದೆ. ಕೊಲೆಸ್ಟ್ರಾಲ್ ಇಳಿಸೋಕೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ (ಓಟ್ಸ್, ಬಾರ್ಲಿಯಲ್ಲಿರೋ, ನೀರಲ್ಲಿ ಕರಗಿ ಅಂಟಾಗೋ ನಾರು), ಅದೂ ಓಟ್ಸ್ ಗಂಜಿ ಮುಖ ನೋಡದೆ. 1997ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಓಟ್ಸ್ ಡಬ್ಬದ ಮೇಲೆ ಹೃದಯಕ್ಕೆ ಒಳ್ಳೇದು ಅನ್ನೋ ಮಾತು ಬರೆಯೋಕೆ ಬಿಟ್ಟಿದ್ದೂ ಇದೇ 3 ಗ್ರಾಂ ಲೆಕ್ಕದಲ್ಲಿ, ಆಮೇಲೆ ಬಾರ್ಲಿಗೂ ಅದೇ. ಬಾರ್ಲಿಯಲ್ಲಿ 100 ಗ್ರಾಂಗೆ ಸುಮಾರು 4ರಿಂದ 6 ಗ್ರಾಂ ಇರುತ್ತೆ, ಅಂದ್ರೆ ತಲೆಗೆ 60–70 ಗ್ರಾಂ ಹಿಟ್ಟು. ಪಾಲಿಶ್ ಆಗಿರೋ ಬಾರ್ಲಿನೂ ನಡೆಯುತ್ತೆ, ಓಟ್ಸಲ್ಲಿ ಹೊರಪದರದ ಕಡೆ ಜಾಸ್ತಿ ಇರುತ್ತೆ, ಇದ್ರಲ್ಲಿ ಕಾಳಿನ ಒಳಗೆಲ್ಲ ಹರಡಿಕೊಂಡಿರುತ್ತೆ.

ಮೊದಲು ಅಂಗಡಿ ಬಾರ್ಲಿ ನೆನೆಸಿ ರುಬ್ಬಿದ್ದೆ, ಸೌಟಿಂದ ಹಿಟ್ಟು ಬೀಳ್ತಿರ್ಲಿಲ್ಲ, ಕಾವಲಿಯಿಂದ ದೋಸೆ ಏಳ್ತಿರ್ಲಿಲ್ಲ, ಅಮ್ಮ "ಇದನ್ನ ಪೋಸ್ಟರ್ ಅಂಟಿಸೋಕೆ ಇಟ್ಕೋ" ಅಂದ್ರು. ಅದಕ್ಕೇ ಆನ್‌ಲೈನಲ್ಲಿ ರೆಡಿ ಹಿಟ್ಟು ತರಿಸಿದ್ದು. ಆಹಾ, ದೋಸೆ ಕಾಗದದ ಥರ ಎದ್ದು ಬಂತು, ಬಣ್ಣನೂ ಹೊಂಬಣ್ಣ. ಆಗ್ಲೇ ಅನುಮಾನ ಬರ್ಬೇಕಿತ್ತು. ಯಾಕಂದ್ರೆ ಆ ಅಂಟೇ ಇಲ್ಲಿ ಅಸಲು ಮಾಲು. ಸಣ್ಣ ಕರುಳಲ್ಲಿ ಲೋಳೆ ಆಗಿ ಪಿತ್ತದ ಆಮ್ಲಗಳನ್ನ ಹಿಡ್ಕೊಂಡು ಹೊರಗೆ ಸಾಗಿಸುತ್ತೆ, ಇಲ್ಲಾಂದ್ರೆ ಅವು ಲಿವರಿಗೆ ವಾಪಸ್ ಹೋಗಿ ಮತ್ತೆ ಡ್ಯೂಟಿಗೆ ಹಾಜರ್. ಸ್ಟಾಕ್ ಕಮ್ಮಿ ಆದ್ರೆ ಲಿವರ್ ಹೊಸ ಪಿತ್ತ ಮಾಡ್ಬೇಕು, ಅದಕ್ಕೆ ಕೊಲೆಸ್ಟ್ರಾಲ್ ಬೇಕು, ಸರಿ ಅಂತ ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಅಂದ್ರೆ ಎಲ್‌ಡಿಎಲ್ ಎಳ್ಕೊಳ್ಳುತ್ತೆ. ಬೀಟಾ ಗ್ಲೂಕನ್ ಸರಪಳಿ ಚೂರುಚೂರಾದ್ರೆ ಗ್ರಾಂ ಲೆಕ್ಕ ಅಷ್ಟೇ ಇದ್ರೂ ಅಂಟು ಇರಲ್ಲ, ಕೆಲಸಾನೂ ಕಮ್ಮಿ.

ಪ್ಯಾಕೆಟ್ ಹಿಂದೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ ಇತ್ತು ನೋಡಿ: "ಮೊಳಕೆ ಬರಿಸಿದ ಬಾರ್ಲಿ". ಮುಂದ್ಗಡೆ ಬರೀ ಬಾರ್ಲಿ ಹಿಟ್ಟು! ಅಂದ್ರೆ ಮಾಲ್ಟು. ಮೊಳಕೆ ಬರೋವಾಗ ಕಾಳೇ ಬೀಟಾ ಗ್ಲೂಕನ್ ಕತ್ತರಿಸೋ ಎಂಜೈಮ್ ತಯಾರ್ ಮಾಡ್ಕೊಳ್ಳುತ್ತೆ, ಬಿಯರ್ ಮಾಡೋರಿಗೆ ಅದೇ ಬೇಕು, ಅಂಟಿದ್ರೆ ಅವರ ಫಿಲ್ಟರ್ ಕಟ್ಕೊಳ್ಳುತ್ತೆ. ನಾನು ಆ ಎಂಜೈಮನ್ನ ರಾತ್ರಿಯೆಲ್ಲ ಬೆಚ್ಚಗೆ ಹುದುಗು ಬರಿಸ್ತಿದ್ದೆ, ಗೋಣಿ ಬೇರೆ ಹೊದಿಸಿ.

ಖಾತ್ರಿ ಮಾಡ್ಕೊಳ್ಳೋಣ ಅಂತ ಬಾರ್ಲಿ ಗಂಜಿಗೆ ಒಂದು ಚಮಚ ಆ ಹಿಟ್ಟು ಬೆರೆಸಿಟ್ಟೆ, ಅರ್ಧ ಗಂಟೆಗೆ ನೀರು ನೀರು. ಸಿಕ್ಕಿಬಿದ್ದ ಕಳ್ಳ ಅಂತ ಕುಣಿದು ಮಲಗಿದ ಮೇಲೆ ಹೊಳೀತು, ಮಾಲ್ಟಲ್ಲಿ ಪಿಷ್ಟ ಒಡೆಯೋ ಎಂಜೈಮ್ ಅಮೈಲೇಸೂ ಇರುತ್ತೆ, ಬೆಂದ ಪಿಷ್ಟ ಕರಗಿದ್ರೂ ಗಂಜಿ ಹೀಗೇ ತೆಳ್ಳಗಾಗುತ್ತೆ, ಟೆಸ್ಟೇ ದಂಡ. ಮಾರನೇ ದಿನ ಬೇಯಿಸದೆ ಮಾಡಿದೆ: ಎರಡೂ ಹಿಟ್ಟನ್ನ ಬೇರೆಬೇರೆ ನೀರಲ್ಲಿ ಕಲಸಿಟ್ಟು, ಪಿಷ್ಟ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಟ್ಟೆಯಲ್ಲಿ ಸೋಸಿ ಅದೇ ಆಲಿಕೆಯಲ್ಲಿ ಬಿಟ್ಟೆ. ಅಂಗಡಿ ಬಾರ್ಲಿ ತಿಳಿ ಎಣ್ಣೆ ಥರ ಎಳೆಎಳೆಯಾಗಿ ಇಳೀತು. ಮೊಳಕೆದು ಸೊರ್ರಂತ ಖಾಲಿ.

ಈಗಿನ ದಾರಿ: ಅಂಗಡಿ ಬಾರ್ಲಿ ಘಮ್ಮನ್ನೋವರೆಗೆ ಹುರಿದು (ಎಂಜೈಮ್ ಬಹುಪಾಲು ಸಾಯ್ಲಿ ಅಂತ) ಗಿರಣಿಯಲ್ಲಿ ಬೀಸಿಸೋದು, ಉದ್ದು-ಅಕ್ಕಿ ಮಾತ್ರ ಹುದುಗು ಬರಿಸಿ, ಬೆಳಿಗ್ಗೆ ಹುಯ್ಯೋ ಮುಂಚೆ ಬಾರ್ಲಿ ಸೇರಿಸೋದು. ತೆಳ್ಳಗೆ ಹರಡೋ ಆಸೆ ಬಿಟ್ಟು ದಪ್ಪಕ್ಕೆ ಹುಯ್ದು ಮುಚ್ಚಳ ಮುಚ್ಚಿ. ಏಳುತ್ತೆ, ಸ್ವಲ್ಪ ಗೊಣಗಿಕೊಂಡು.

ಕೊಲೆಸ್ಟ್ರಾಲ್ ಇಳಿಸೋಕೆ ಅಪ್ಪ ತಗೊಳ್ಳೋ ಸ್ಟ್ಯಾಟಿನ್ ಮಾತ್ರೆ ಅದರ ಪಾಡಿಗೆ ಮುಂದುವರಿತಿದೆ, ಎಲ್ಲ ಸರಿಯಾದ್ರೂ ನಾರಿಂದ ಎಲ್‌ಡಿಎಲ್ ಇಳಿಯೋದು ನೂರಕ್ಕೆ 5ರಿಂದ 10ರಷ್ಟು, ದೋಸೆ ನೋಡಿ ಮಾತ್ರೆ ಬಿಡ್ಬೇಡಿ. ರಾಗಿ ಸಾಕಲ್ವಾ ಅಂತ ಮತ್ತೆ ಕೇಳ್ಬೇಡಿ, ಮುದ್ದೆ ನಂಗೂ ಪ್ರಾಣ, ಆದ್ರೆ ರಾಗಿ ನಾರು ಬಹುಪಾಲು ಕರಗದ ಜಾತಿ. ಮುಂದಿನದು ಇಸಬ್‌ಗೋಲ್ ಹಾಕಿ ಅಕ್ಕಿರೊಟ್ಟಿ, ತಟ್ಟೋವಾಗ ಬಿರುಕು ಬಿಡಲ್ಲ ಅನ್ನೋ ದುರಾಸೆಯೂ ಇದೆ. ನನ್ನ ರಕ್ತಪರೀಕ್ಷೆ ಮಾತ್ರ ಆರು ವಾರ ಮುಂದಕ್ಕೆ.

ಒಂದು ಕೆಜಿ ಚಿಲ್ಲರೆ ಮಾಲ್ಟ್ ಹಿಟ್ಟು ಉಳಿದಿದೆ, ಪಕ್ಕದ ಮನೆ ಮಕ್ಕಳಿಗೆ ಹಾಲಿಗೆ ಹಾಕಿಕೊಟ್ರೆ ಇಷ್ಟಪಟ್ಟು ಕುಡೀತಾರೆ. ಬೇಕಾದೋರು ಡಬ್ಬ ತಗೊಂಡು ಬನ್ನಿ.